ಎಂಜಿನ್ ಇಲ್ಲದ ಮ್ಯಾಂಕ್ಸ್ ನಾರ್ಟನ್: ಅರ್ಧಂಬರ್ಧ ರೇಸ್ ಬೈಕನ್ನು ಮತ್ತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದು ಫ್ರೇಮ್, ಅದರ ಮುಂದೆ ಫೋರ್ಕ್, ಒಂದೇ ಒಂದು ಚಕ್ರ. ಜೊತೆಗೆ ಮೂರು ರಟ್ಟಿನ ಪೆಟ್ಟಿಗೆ. ಮೊದಲನೆಯದರಲ್ಲಿ ಅರ್ಧ ಗೇರ್‌ಬಾಕ್ಸ್. ಎರಡನೆಯದರಲ್ಲಿ ನಟ್ಟು ಬೋಲ್ಟುಗಳ ಚಿತ್ರಾನ್ನ. ಮೂರನೆಯದರಲ್ಲಿ ಯಾವ ಬೈಕಿನದು ಅಂತ ಯಾರಿಗೂ ಗೊತ್ತಿಲ್ಲದ ಒಂದು ಮ್ಯಾಗ್ನೆಟೊ, ಅಂದರೆ ಬ್ಯಾಟರಿ ಇಲ್ಲದೆ ಪ್ಲಗ್ಗಿಗೆ ಕಿಡಿ ಕೊಡುವ ಯಂತ್ರ. ಎಂಜಿನ್ ಮಾತ್ರ ಎಲ್ಲೂ ಇಲ್ಲ.

ಇಂಗ್ಲೆಂಡಿನ ಕವೆಂಟ್ರಿ ಹತ್ತಿರ ಗೆಳೆಯನೊಬ್ಬನ ಶೆಡ್ಡಿಗೆ ಹೀಗೆ ಬಂದಿಳಿದ 500 ಸಿಸಿ ಮ್ಯಾಂಕ್ಸ್ ನಾರ್ಟನ್ (ಬ್ರಿಟನ್ನಿನ ನಾರ್ಟನ್ ಕಂಪನಿಯ ಹಳೆ ಒಂಟಿ ಸಿಲಿಂಡರ್ ರೇಸ್ ಬೈಕು) ಜೊತೆ ನಾನು ನಾಲ್ಕು ಚಳಿಗಾಲ ಕಳೆದೆ. ಬೈಕು ಅವನದು, ಗ್ರೀಸು ಇಬ್ಬರದ್ದೂ. ನಾವು ಮಾಡಿದ್ದು, ಮಾಡಬಾರದಿತ್ತು ಅಂತ ಆಮೇಲೆ ಅನಿಸಿದ್ದು, ಎಲ್ಲವನ್ನೂ ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಉದಾಹರಣೆ ಮ್ಯಾಂಕ್ಸಿನದು. ಆದರೆ ಎಜೆಎಸ್ 7ಆರ್, ಮ್ಯಾಚ್‌ಲೆಸ್ ಜಿ50, ಬಿಎಸ್‌ಎ ಗೋಲ್ಡ್ ಸ್ಟಾರ್‌ನಂಥ ಆ ಕಾಲದ ಬೇರೆ ಬ್ರಿಟಿಷ್ ಬೈಕು ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಇದೇ ದಾರಿ.

ಎಂಜಿನ್ ಎಲ್ಲಿ ಹೋಯಿತು?

ಇದನ್ನು ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಮಾರಿದವನ ಮೇಲೆ ಸುಮ್ನೆ ಅನುಮಾನ ಪಡುತ್ತೀರಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ 500 ಸಿಸಿ ಕಾರ್ ರೇಸಿನ ಹುಚ್ಚು ಹತ್ತಿತು. ಮುಂದೆ ಅದೇ ಫಾರ್ಮುಲಾ 3 ಆಯಿತು. ಕೂಪರ್‌ನಂಥ ಪುಟಾಣಿ ಕಾರುಗಳಿಗೆ ಬೈಕಿನ ಎಂಜಿನ್ ಕೂರಿಸುತ್ತಿದ್ದರು. ಮೊದಮೊದಲು ಜೆಎಪಿ ಕಂಪನಿಯ ಎಂಜಿನ್ ಸಾಕಾಗುತ್ತಿತ್ತು. ಆಮೇಲೆ ಗೆಲ್ಲಬೇಕಾದರೆ ಮ್ಯಾಂಕ್ಸ್ ಎಂಜಿನ್ನೇ ಬೇಕು ಅನ್ನುವಂತಾಯಿತು. ಆದರೆ ನಾರ್ಟನ್ ಕಂಪನಿ ಬರೀ ಎಂಜಿನ್ ಮಾರುತ್ತಿರಲಿಲ್ಲ. ಹಾಗಾಗಿ ಕಾರಿನವರು ಇಡೀ ಬೈಕನ್ನೇ ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದಿದ್ದನ್ನು ಮಾರಿಬಿಡುತ್ತಿದ್ದರು. ಆ ಖಾಲಿ ಫ್ರೇಮುಗಳಿಗೆ ಹುಡುಗರು ಟ್ರಯಂಫ್ ಟ್ವಿನ್ ಎಂಜಿನ್ ಹಾಕಿಕೊಂಡರು. ಟ್ರೈಟನ್ ಅನ್ನುವ ಜಾತಿ ಹುಟ್ಟಿದ್ದು ಹೀಗೆ. ನಿಮ್ಮ ಮುಂದಿರುವ ಎಂಜಿನ್ ಇಲ್ಲದ ಫ್ರೇಮ್ ಕೂಡ ಅಂಥದೇ ಒಂದಾಗಿರಬಹುದು. ಎಂಜಿನ್ ಹಿಡಿಯುವ ಪ್ಲೇಟುಗಳಲ್ಲಿ ಹೊಸದಾಗಿ ಕೊರೆದ ತೂತುಗಳಿದ್ದರೆ ಅಲ್ಲಿ ಬೇರೆ ಎಂಜಿನ್ ಕೂತು ಎದ್ದುಹೋಗಿದೆ ಅಂತ ಲೆಕ್ಕ.

ಮೊದಲ ತಿಂಗಳು ಸ್ಪ್ಯಾನರ್ ಮುಟ್ಟಬೇಡಿ

ಕೈ ತುರಿಸುತ್ತೆ, ಗೊತ್ತು. ಆದರೂ ಮುಟ್ಟಬೇಡಿ. ಒಂದು ದಪ್ಪ ನೋಟ್‌ಬುಕ್, ಫೋನ್ ಕ್ಯಾಮೆರಾ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಪರ್ಮನೆಂಟ್ ಮಾರ್ಕರ್. ಮೊದಲ ತಿಂಗಳ ಸಾಮಾನು ಇಷ್ಟೇ.

ಪ್ರತಿ ಭಾಗದ ಫೋಟೋ ಎರಡು ಬದಿಯಿಂದ ತೆಗೆಯಿರಿ. ಎರಕದ ಭಾಗಗಳ ಮೇಲಿನ ನಂಬರುಗಳನ್ನು ಬರೆದುಕೊಳ್ಳಿ. ಬೋಲ್ಟು ಸಡಿಲವಾಗದಂತೆ ಕಟ್ಟುವ ತಂತಿ, ಅಂದರೆ ಲಾಕ್ ವೈರ್ ಹಾಕಲು ಕೊರೆದ ಸಣ್ಣ ತೂತುಗಳು, ಗೀಚಿದ ಗುರುತುಗಳು, ಒಂದರ ಕೆಳಗೊಂದು ಇಣುಕುವ ಬಣ್ಣದ ಪದರಗಳು, ಇವನ್ನೂ ಬಿಡಬೇಡಿ. ರೇಸ್ ನಂಬರ್ ಅಂಟಿಸಿದ್ದ ಜಾಗದಲ್ಲಿ ಬಣ್ಣ ಬೇರೆ ಥರ ಮಾಸಿರುತ್ತೆ. ಒಮ್ಮೆ ಬ್ಲಾಸ್ಟಿಂಗ್ ಮಾಡಿ (ಮರಳಿನಂಥ ಕಣ ಊದಿ) ಬಣ್ಣ ಕಿತ್ತರೆ ಇದ್ಯಾವುದೂ ವಾಪಸ್ ಬರುವುದಿಲ್ಲ. ಕಸ ಅನಿಸಿದ ಬೋಲ್ಟನ್ನೂ ಎಸೆಯಬೇಡಿ. ಅದರ ಉದ್ದ ಎಷ್ಟು, ಥ್ರೆಡ್ ಯಾವುದು ಅಂತ ಮುಂದೆ ಹೇಳುವುದು ಅದೊಂದೇ ಬೋಲ್ಟು ಆಗಿರಬಹುದು.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ಇದೆ, ಇಲ್ಲ, ಇದೆ ಆದರೆ ಈ ಬೈಕಿನದಲ್ಲ. ಮೂರನೆಯ ಕಾಲಂ ನೀವಂದುಕೊಂಡಿದ್ದಕ್ಕಿಂತ ಉದ್ದ ಆಗುತ್ತೆ. ನಮ್ಮ ನಿಗೂಢ ಮ್ಯಾಗ್ನೆಟೊ ಕೊನೆಗೆ ಸೇರಿದ್ದು ಅಲ್ಲಿಗೇ.

ಫ್ರೇಮ್ ಯಾವುದು?

ಮ್ಯಾಂಕ್ಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಫೆದರ್‌ಬೆಡ್ ಫ್ರೇಮ್. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ಮಾಡಿದ ವಿನ್ಯಾಸ ಅದು. 1950ರಲ್ಲಿ ಕಂಪನಿಯ ಸ್ವಂತ ತಂಡದ ಬೈಕುಗಳಿಗೆ ಬಂತು. ಅದೇ ವರ್ಷ ಆ ತಂಡದ ರೇಸರ್ ಜೆಫ್ ಡ್ಯೂಕ್ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದರು. ಗರಿಯ ಹಾಸಿಗೆ ಮೇಲೆ ಕೂತ ಹಾಗಿದೆ ಅಂತ ರೇಸರ್ ಹೆರಾಲ್ಡ್ ಡೇನಿಯಲ್ ಹೇಳಿದರಂತೆ, ಹೆಸರು ಅದೇ ಉಳಿಯಿತು. ಜನ ದುಡ್ಡು ಕೊಟ್ಟು ಕೊಳ್ಳುವ ಮ್ಯಾಂಕ್ಸಿಗೆ ಈ ಫ್ರೇಮ್ ಸಿಕ್ಕಿದ್ದು 1951ರಿಂದ. ಅದಕ್ಕೂ ಹಿಂದಿನದನ್ನು ತೋಟದ ಗೇಟ್ ಅಂತ ತಮಾಷೆ ಮಾಡುತ್ತಿದ್ದರು. ನೋಡಿದರೆ ಹೌದು ಅನಿಸುತ್ತೆ.

ತೊಂದರೆ ಏನಪ್ಪಾ ಅಂದರೆ, ನಾರ್ಟನ್ನಿನ ರಸ್ತೆ ಬೈಕು ಡಾಮಿನೇಟರ್‌ಗೂ ಇದೇ ಆಕಾರದ ಫ್ರೇಮ್ ಇತ್ತು. ಹತ್ತು ಅಡಿ ದೂರದಿಂದ ಎರಡೂ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹಾಗಾಗಿ ಹತ್ತಿರ ಹೋಗಿ. ಮ್ಯಾಂಕ್ಸ್ ಫ್ರೇಮನ್ನು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ ತನ್ನ 531 ಉಕ್ಕಿನ ಕೊಳವೆಗಳಿಂದ ಮಾಡುತ್ತಿತ್ತು. ಜೋಡಣೆಗೆ ಬಳಸಿದ್ದು ಕಂಚಿನ ಬೆಸುಗೆ. ಕೊಳವೆಗಳು ಸೇರುವ ಒಂದು ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಉಗುರಿನಗಲ ಬಣ್ಣ ಉಜ್ಜಿ. ಕಪ್ಪು ಹೋಗಿ, ಕೆಳಗಿನ ಪ್ರೈಮರ್ ಹೋಗಿ, ಹಿತ್ತಾಳೆ ಚೊಂಬಿನ ಬಣ್ಣದ ನುಣುಪಾದ ಬೆಸುಗೆ ಕಾಣಿಸಿತು ಅಂದರೆ ಒಳ್ಳೆ ಸೂಚನೆ. ನಮ್ಮ ಫ್ರೇಮಿನ ಸ್ಟೀರಿಂಗ್ ಹೆಡ್ ಕೆಳಗೆ ಆ ಹಳದಿ ಕಂಡ ದಿನ ಗೆಳೆಯ ಮೊಣಕಾಲೂರಿ ಕೂತವನು ಐದು ನಿಮಿಷ ಎದ್ದೇ ಇರಲಿಲ್ಲ.

ಇದೊಂದೇ ಸಾಕ್ಷಿ ಸಾಲದು. ಫ್ರೇಮ್ ನಂಬರ್ ಒತ್ತಿರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲಿನ ಲೋಹ ಅರೆದು ತಗ್ಗಾಗಿದೆಯಾ? ಅಕ್ಷರಗಳು ಒಂದೇ ಪಂಚಿನವಾ? ಆಮೇಲೆ ಆ ನಂಬರ್ ಹಿಡಿದು ನಾರ್ಟನ್ ಓನರ್ಸ್ ಕ್ಲಬ್ ಅಥವಾ 1946ರಲ್ಲಿ ಶುರುವಾದ ವಿಂಟೇಜ್ ಮೋಟರ್ ಸೈಕಲ್ ಕ್ಲಬ್ಬಿನ ತಜ್ಞರನ್ನು ಕೇಳಿ. ಈ ಬೈಕುಗಳು ಹೆಚ್ಚಿನವು ರಸ್ತೆಗೆ ನೋಂದಣಿಯೇ ಆಗಿರಲಿಲ್ಲ. ಆರ್‌ಸಿ ಪುಸ್ತಕದಂಥದ್ದು ಇರುವುದಿಲ್ಲ ಅಂತ ಗಾಬರಿ ಬೇಡ. ಆದರೆ ಕೊಳ್ಳುವಾಗ ಫ್ರೇಮ್ ನಂಬರ್, ಭಾಗಗಳ ಪಟ್ಟಿ, ಮಾರಿದವರ ಸಹಿ ಇರುವ ರಸೀದಿ ಮಾತ್ರ ಖಂಡಿತ ಮಾಡಿಸಿಕೊಳ್ಳಿ.

ಯಾವ ವರ್ಷದ ಬೈಕು ಕಟ್ಟುತ್ತೀರಿ?

500ರ ಮ್ಯಾಂಕ್ಸಿನಲ್ಲಿ ಎರಡು ದೊಡ್ಡ ಗುಂಪು. 1953ರವರೆಗಿನದು ಉದ್ದ ಸ್ಟ್ರೋಕಿನದು: ಬೋರ್ (ಸಿಲಿಂಡರಿನ ಅಗಲ) 79.62 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 100 ಮಿ.ಮೀ. 1954ರಿಂದ ಚಿಕ್ಕ ಸ್ಟ್ರೋಕಿನದು, ಹೆಚ್ಚುಕಮ್ಮಿ ಚೌಕ: 86 ಮತ್ತು 85.6. ಎಂಜಿನ್ನಿನ ಎತ್ತರ, ಅದಕ್ಕೆ ಹೊಂದುವ ಎಕ್ಸಾಸ್ಟ್ ಪೈಪು, ಪ್ಲೇಟುಗಳು ಎಲ್ಲ ಬೇರೆ ಬೇರೆ. 350ರಲ್ಲೂ ಹೀಗೇ ಎರಡು ಗುಂಪು ಇದೆ. ಗೇರ್‌ಬಾಕ್ಸ್ ಕೂಡ ಐವತ್ತರ ದಶಕದ ಮಧ್ಯದಲ್ಲಿ ಬದಲಾಯಿತು.

ಒಂದು ಮಾತು ಇಲ್ಲಿ ಹೇಳಬೇಕು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು ಅನ್ನುವ ಹಟ ರಸ್ತೆ ಬೈಕಿಗೆ ಸರಿ, ರೇಸ್ ಬೈಕಿಗೆ ಅಷ್ಟು ಹೊಂದುವುದಿಲ್ಲ. ಮ್ಯಾಂಕ್ಸ್ ತಯಾರಿ 1962ರ ಹೊತ್ತಿಗೆ ನಿಂತಿತು. ಆದರೂ 1969ರಲ್ಲಿ ಯುಗೊಸ್ಲಾವಿಯದ ಒಪಾಟಿಯಾದಲ್ಲಿ ಗಾಡ್‌ಫ್ರೆ ನ್ಯಾಶ್ ಮ್ಯಾಂಕ್ಸ್ ಮೇಲೆ ಕೂತೇ 500 ಸಿಸಿ ಗ್ರ್ಯಾಂಡ್ ಪ್ರಿ ಗೆದ್ದರು. ಅಷ್ಟು ವರ್ಷ ಈ ಬೈಕುಗಳು ಓಡಿದ್ದು ಹೇಗೆ? ಪ್ರತಿ ಸೀಸನ್ನಿಗೂ ಹೊಸ ಬ್ರೇಕು, ಬೇರೆ ಟ್ಯಾಂಕು, ಬೇರೆ ಕಾರ್ಬುರೇಟರ್ ಹಾಕಿಸಿಕೊಂಡು. 1953ರ ಫ್ರೇಮಿಗೆ 1958ರ ಬ್ರೇಕು ಇದ್ದರೆ ಅದು ಕಲಬೆರಕೆ ಅಲ್ಲ, ಯಾರೋ ಒಬ್ಬ ರೇಸರ್‌ನ ತಿಂಗಳ ಸಂಬಳ. ಕಿತ್ತು ಹಾಕುವ ಮೊದಲು ಎರಡು ಸಲ ಯೋಚಿಸಿ.

ನಾವು ಫ್ರೇಮಿನ ವರ್ಷ ನೋಡಿ, ಚಿಕ್ಕ ಸ್ಟ್ರೋಕಿನ 500 ಅಂತ ತೀರ್ಮಾನಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆವು. ಬರೆಯುವುದು ಮುಖ್ಯ. ಇಲ್ಲದಿದ್ದರೆ ಪ್ರತಿ ಬಿಡಿಭಾಗಗಳ ಸಂತೆಯಲ್ಲೂ ಮನಸ್ಸು ಬದಲಾಗುತ್ತೆ.

ಇಲ್ಲದ್ದನ್ನು ಕೊಳ್ಳುವ ಕ್ರಮ

ಮೊದಲು ಎಂಜಿನ್. ಆಮೇಲೆ ಗೇರ್‌ಬಾಕ್ಸ್ ಮತ್ತು ಎರಡನ್ನೂ ಹಿಡಿಯುವ ಪ್ಲೇಟುಗಳು. ಆಮೇಲೆ ಆಯಿಲ್ ಟ್ಯಾಂಕ್, ಎಕ್ಸಾಸ್ಟ್. ಪೆಟ್ರೋಲ್ ಟ್ಯಾಂಕ್, ಸೀಟು ಕೊನೆಗೆ.

ನಾವು ಇದನ್ನು ಉಲ್ಟಾ ಮಾಡಿದೆವು. ಒಂದು ಬಿಡಿಭಾಗಗಳ ಸಂತೆಯಲ್ಲಿ ಹೊಳೆಯುವ ಅಲ್ಯೂಮಿನಿಯಂ ಆಯಿಲ್ ಟ್ಯಾಂಕ್ ಕಂಡು ಕಣ್ಣು ಕುಕ್ಕಿ ಕೊಂಡುಬಿಟ್ಟೆವು. ಆರು ತಿಂಗಳ ಮೇಲೆ ಎಂಜಿನ್ ಬಂತು. ಟ್ಯಾಂಕು ಬೇರೆ ವರ್ಷದ್ದು, ಕಾರ್ಬುರೇಟರ್ ಬಾಯಿಗೆ ಸರಿಯಾಗಿ ಅಡ್ಡ. ತಪ್ಪು ಮಾರಿದವನದಲ್ಲ, ಅವನು ಯಾವ ವರ್ಷದ್ದು ಅಂತ ಕೇಳಿದ್ದ. ನಾವೇ ಎಲ್ಲ ಒಂದೇ ಅಲ್ವಾ ಅಂದಿದ್ದೆವು.

ಎಂಜಿನ್ ಎಲ್ಲಿ ಸಿಗುತ್ತೆ? ಇಲ್ಲಿ ಮ್ಯಾಂಕ್ಸಿನ ಅದೃಷ್ಟ ಚೆನ್ನಾಗಿದೆ. ನಾರ್ಟನ್ನಿನ ಒಡೆತನ ಹೊಂದಿದ್ದ ಎಎಂಸಿ ಕಂಪನಿ ಮುಳುಗಿದಾಗ, 1966ರಲ್ಲಿ ರೇಸರ್ ಕಾಲಿನ್ ಸೀಲಿ ರೇಸ್ ವಿಭಾಗದ ಸಾಮಾನು ಕೊಂಡರು. ಅದರಲ್ಲಿ ಮ್ಯಾಂಕ್ಸಿನ ಪಾಲು ಮುಂದೆ ಜಾನ್ ಟಿಕಲ್ ಕೈಗೆ ಹೋಯಿತು. ಹೀಗೆ ಬಿಡಿಭಾಗಗಳ ಸರಪಳಿ ಕಡಿಯಲೇ ಇಲ್ಲ. ಈಗ ಮೋಲ್ನಾರ್‌ನಂಥ ತಯಾರಕರು ಹೊಸ ಎಂಜಿನ್ ಭಾಗಗಳನ್ನೇ ಮಾಡುತ್ತಾರೆ. ಅಂದರೆ ದಾರಿ ಎರಡು: ಹಳೆ ಎಂಜಿನ್ನಿನ ತುಂಡುಗಳನ್ನು ಹುಡುಕಿ ಕೂಡಿಸುವುದು, ಇಲ್ಲವೇ ಹೊಸದಾಗಿ ಮಾಡಿದ್ದನ್ನು ಕೊಳ್ಳುವುದು. ಟ್ರ್ಯಾಕಿನಲ್ಲಿ ಜೋರಾಗಿ ಓಡಿಸುವ ಆಸೆ ಇದ್ದರೆ ಹೊಸದೇ ಸರಿ, ಅರವತ್ತು ವರ್ಷದ ಕ್ರ್ಯಾಂಕ್‌ಕೇಸಿನ ಮೇಲೆ ಪ್ರಾಣ ಒತ್ತೆ ಇಡಬೇಡಿ. ಮೆರವಣಿಗೆ ಓಟ ಸಾಕು ಅಂದರೆ ಹಳೆಯದು. ನಾವು ಹಳೆ ಕೇಸು, ಹಳೆ ಕ್ಯಾಂಬಾಕ್ಸ್ (ವಾಲ್ವ್ ತೆರೆಯುವ ಕ್ಯಾಮುಗಳ ಪೆಟ್ಟಿಗೆ), ಒಳಗೆ ಹೊಸ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್), ಪಿಸ್ಟನ್, ವಾಲ್ವ್ ಅಂತ ಮಾಡಿದೆವು.

ಅಂದ ಹಾಗೆ, ನಾರ್ಟನ್ ಹೆಸರು 2020ರಿಂದ ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಮೋಟರ್ ಕೈಯಲ್ಲಿದೆ. ಕೇಳೋಕೆ ಖುಷಿ. ಆದರೆ ಮ್ಯಾಂಕ್ಸ್ ಬಿಡಿಭಾಗ ಕೇಳಿಕೊಂಡು ಟಿವಿಎಸ್ ಶೋರೂಮಿಗೆ ಹೋಗಬೇಡಿ, ಪಾಪ.

ಥ್ರೆಡ್ಡುಗಳ ಲೋಕ

ಹಳೆ ಬುಲೆಟ್ ಬಿಚ್ಚಿ ಬೆಳೆದ ಬೆಂಗಳೂರಿನ ಮೆಕ್ಯಾನಿಕ್‌ಗೆ ಇದು ಹೇಳಬೇಕಿಲ್ಲ. ಮೆಟ್ರಿಕ್ ಕಾಲದ ಹುಡುಗರಿಗೆ ಹೇಳಲೇಬೇಕು. ಈ ಬೈಕಿನಲ್ಲಿ ಮಿಲಿಮೀಟರ್ ಲೆಕ್ಕದ ಬೋಲ್ಟು ಇಲ್ಲ. ಇರುವುದು ವಿಟ್‌ವರ್ತ್, ಬಿಎಸ್‌ಎಫ್, ಸೈಕಲ್ ಥ್ರೆಡ್, ಸಣ್ಣ ಸ್ಕ್ರೂಗಳಿಗೆ ಬಿಎ. ಎಲ್ಲ ಹಳೆ ಬ್ರಿಟಿಷ್ ಥ್ರೆಡ್ ಪದ್ಧತಿಗಳು.

ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಕಾಲಿಂಚು ಅಂತ ಬರೆದ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಇರುತ್ತೆ. 13ರ ಸ್ಪ್ಯಾನರ್ ಹೋಗುವುದಿಲ್ಲ, 14ರದ್ದು ಲೊಡ ಲೊಡ. 14 ಹಾಕಿ ಒತ್ತಿದಿರೋ, ಬೋಲ್ಟಿನ ಮೂಲೆಗಳು ಉರುಟಾಗಿ ಗೋಲಿ ಆಗುತ್ತೆ. ಮೊದಲ ಖರ್ಚು ಒಂದು ಒಳ್ಳೆ ವಿಟ್‌ವರ್ತ್ ಸೆಟ್ ಆಗಲಿ.

ಇನ್ನೊಂದು ಕಳ್ಳ ಹಳ್ಳ ಇದೆ. ಕಾಲಿಂಚಿನ ಬಿಎಸ್‌ಎಫ್ ಬೋಲ್ಟಿಗೆ ಇಂಚಿಗೆ 26 ಸುತ್ತು. ಕಾಲಿಂಚಿನ ಸೈಕಲ್ ಥ್ರೆಡ್ಡಿಗೂ 26 ಸುತ್ತೇ. ಆದರೆ ಮೊದಲನೆಯದರ ಕೋನ 55 ಡಿಗ್ರಿ, ಎರಡನೆಯದರದ್ದು 60. ನಟ್ಟು ಹತ್ತುತ್ತೆ, ತಿರುಗುತ್ತೆ, ಬಿಗಿಯಾದ ಹಾಗೂ ಅನಿಸುತ್ತೆ. 7,000 ಆರ್‌ಪಿಎಂನ ಒಂಟಿ ಸಿಲಿಂಡರ್ ನಡುಕಕ್ಕೆ ಅದು ನಿಲ್ಲುವುದಿಲ್ಲ. ಥ್ರೆಡ್ ಗೇಜ್ ಇಟ್ಟು, ಬೆಳಕಿಗೆ ಹಿಡಿದು, ಸಂದು ಕಾಣುತ್ತಾ ಅಂತ ನೋಡದೆ ಯಾವ ನಟ್ಟನ್ನೂ ಯಾವ ಬೋಲ್ಟಿಗೂ ಮದುವೆ ಮಾಡಬೇಡಿ.

ಹಳೆ ಬೋಲ್ಟುಗಳಿಗೆ ಮತ್ತೆ ಪ್ಲೇಟಿಂಗ್ ಮಾಡಿಸುವಿರಾದರೆ, ಆಕ್ಸಲ್ಲು, ಬ್ರೇಕಿನ ಭಾಗಗಳಂಥ ಗಟ್ಟಿ ಉಕ್ಕನ್ನು ಪ್ಲೇಟಿಂಗ್ ಆದ ಕೂಡಲೇ 190 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿಕೊಡಲು ಹೇಳಿ. ಆ್ಯಸಿಡ್ಡಿನಿಂದ ಉಕ್ಕಿನೊಳಗೆ ಸೇರುವ ಹೈಡ್ರೋಜನ್ ಹೊರಗೆ ಹೋಗದಿದ್ದರೆ ಬೋಲ್ಟು ಒಂದು ದಿನ ಗಾಜಿನಂತೆ ಪಟ್ ಅಂತ ಮುರಿಯುತ್ತೆ.

ಫ್ರೇಮ್ ಮತ್ತು ಫೋರ್ಕ್

ಬಣ್ಣ ತೆಗೆದ ಮೇಲೆ ಮೊದಲ ಕೆಲಸ ಬಿರುಕು ಹುಡುಕುವುದು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೆಂಪು ಡೈ ಮತ್ತು ಬಿಳಿ ಡೆವಲಪರ್ ಕ್ಯಾನು ಸಿಗುತ್ತೆ. ಕೆಂಪು ಹೊಡೆದು, ಒರೆಸಿ, ಬಿಳಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೇಲೆದ್ದು ಬರುತ್ತೆ. ಸ್ಟೀರಿಂಗ್ ಹೆಡ್, ಹಿಂದಿನ ಸ್ವಿಂಗ್ ಆರ್ಮ್ ಕೂರುವ ಜಾಗ, ಎಂಜಿನ್ ಹಿಡಿಯುವ ಕಿವಿಗಳು, ಫೋರ್ಕಿನ ಸ್ಟೆಮ್ ಇವನ್ನು ಬಿಡದೆ ನೋಡಿ. ಬಿರುಕಿದ್ದರೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. 531 ತೆಳು ಕೊಳವೆ. ಆರ್ಕ್ ಹೊಡೆದರೆ ಬೆಸುಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತೆ. ಕಂಚಿನ ಬೆಸುಗೆ ಬಲ್ಲವರೇ ಬೇಕು.

ಫೋರ್ಕಿನ ಕೊಳವೆಗಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಬಗ್ಗಿದ್ದರೆ ಕೆಳಗೆ ಬೆಳಕಿನ ಗೆರೆ ಕುಣಿಯುತ್ತೆ. ಬಣ್ಣಕ್ಕೆ ಕಪ್ಪು ಎನಾಮೆಲ್. ಪೌಡರ್ ಕೋಟಿಂಗ್ ಸುಲಭ, ಆದರೆ ದಪ್ಪ ಪದರ ಬಿರುಕನ್ನು ಮುಚ್ಚಿಡುತ್ತೆ. ರೇಸ್ ಫ್ರೇಮಿಗೆ ನಾನಂತೂ ಬೇಡ ಅನ್ನುತ್ತೇನೆ.

ಮೆಗ್ನೀಸಿಯಂ

ಈ ಬೈಕಿನ ತೂಕ ಕಡಿಮೆ ಇರುವುದರ ಗುಟ್ಟು ಇದೇ, ತಲೆನೋವೂ ಇದೇ. ಕ್ರ್ಯಾಂಕ್‌ಕೇಸ್, ಚಕ್ರದ ಹಬ್, ಬ್ರೇಕ್ ಪ್ಲೇಟ್ ಹೀಗೆ ಹಲವು ಭಾಗ ಮೆಗ್ನೀಸಿಯಂ ಎರಕ. ನಿಮ್ಮ ಕೈಯಲ್ಲಿರುವುದು ಮೆಗ್ನೀಸಿಯಮ್ಮಾ ಅಲ್ಯೂಮಿನಿಯಮ್ಮಾ ಅಂತ ತಿಳಿಯಲು ಅಡುಗೆಮನೆಯ ವಿನೆಗರ್ ಸಾಕು. ಮೂಲೆಯಲ್ಲಿ ಸ್ವಲ್ಪ ಕೆರೆದು ಒಂದು ಹನಿ ಬಿಡಿ. ಸಣ್ಣ ಗುಳ್ಳೆಗಳೆದ್ದು ಚುರುಚುರು ಅಂದರೆ ಮೆಗ್ನೀಸಿಯಂ. ಅಲ್ಯೂಮಿನಿಯಂ ಸುಮ್ಮನೆ ಕೂತಿರುತ್ತೆ. ನೋಡಿದ ಕೂಡಲೇ ಒರೆಸಿ ತೊಳೆದು ಒಣಗಿಸಿ.

ಒಣಗಿಸಿ ಅಂದೆ ನೋಡಿ, ಅದು ಅನುಭವದ ಮಾತು. ಹಿಂದಿನ ಹಬ್ಬನ್ನು ನಾನು ಕೆರೆದು, ಬೆಳ್ಳಿಯಂತೆ ಹೊಳೆಸಿ, ನಲ್ಲಿ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಮೇಲೆ ಬೋರಲು ಹಾಕಿ ಮಲಗಲು ಹೋದೆ. ನವೆಂಬರ್ ತಿಂಗಳ ಇಂಗ್ಲಿಷ್ ತೇವ ಬೇರೆ. ಬೆಳಿಗ್ಗೆ ಬಂದು ನೋಡಿದರೆ ಬಟ್ಟೆಗೆ ತಾಗಿದ ಸುತ್ತಿನುದ್ದಕ್ಕೂ ವಿಭೂತಿ ಬಳಿದ ಹಾಗೆ ಬಿಳಿ ಪುಡಿ. ಬೆರಳಿಟ್ಟರೆ ಕೆಳಗೆ ಸಾಸಿವೆ ಕಾಳಿನಷ್ಟು ಗುಂಡಿಗಳು. ಒಂದೇ ರಾತ್ರಿ!

ಹಾಗಾಗಿ ಬರಿಮೈ ಮೆಗ್ನೀಸಿಯಮ್ಮನ್ನು ಹಾಗೇ ಬಿಡಬೇಡಿ. ಶುಚಿ ಮಾಡಿದ ದಿನವೇ ರಕ್ಷಣೆಯ ಲೇಪ ಆಗಬೇಕು. ಹಳೆ ಪದ್ಧತಿ ಡೈಕ್ರೋಮೇಟ್ ಸ್ನಾನ. ಅದು ವಿಷ, ಮನೆಯ ಬಕೆಟ್ಟಿನಲ್ಲಿ ಮಾಡುವಂಥದ್ದಲ್ಲ. ವಿಮಾನದ ಭಾಗಗಳ ಕೆಲಸ ಮಾಡುವವರಿಗೆ ಕೊಡಿ. ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಉಕ್ಕಿನ ಬೋಲ್ಟು ತಾಗುವಲ್ಲಿ ಜಾಯಿಂಟ್ ಪೇಸ್ಟ್ ಹಚ್ಚಿ, ಇಲ್ಲದಿದ್ದರೆ ಎರಡು ಲೋಹಗಳ ನಡುವೆ ತೇವ ಸೇರಿ ತಿನ್ನುತ್ತೆ. ಹಳೆ ಎರಕದಲ್ಲಿ ಎಣ್ಣೆ ಬೆವರುವಷ್ಟು ಸೂಕ್ಷ್ಮ ತೂತುಗಳಿದ್ದರೆ ನಿರ್ವಾತದಲ್ಲಿ ರಾಳ ತುಂಬಿಸುವವರಿದ್ದಾರೆ.

ಮೆಗ್ನೀಸಿಯಂ ಲೇತಿನಲ್ಲಿ ಹಿಡಿದರೆ ಬರುವ ಚೂರು ಪುಡಿ ಬೆಂಕಿ ಹತ್ತಿದರೆ ಕಣ್ಣು ಕೋರೈಸುವಂತೆ ಉರಿಯುತ್ತೆ. ನೀರು ಹಾಕಿದರೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಒಣ ಮರಳಿನ ಡಬ್ಬ ಇರಲೇಬೇಕು.

ಎಂಜಿನ್ ಮತ್ತು ಹರಳೆಣ್ಣೆ

ಹಳೆ ಮ್ಯಾಂಕ್ಸ್ ಎಂಜಿನ್ ಬಿಚ್ಚಿದರೆ ಒಳಗೆಲ್ಲ ಬೆಲ್ಲದ ಪಾಕ ಆರಿದ ಹಾಗೆ ಕಂದು ಅಂಟು. ಏನದು? ಹರಳೆಣ್ಣೆ. ಹೌದು, ಅಜ್ಜಿ ತಲೆಗೆ ಒತ್ತುತ್ತಿದ್ದ ಅದೇ ಹರಳೆಣ್ಣೆ. ಆ ಕಾಲದ ರೇಸ್ ಎಂಜಿನ್ನುಗಳಿಗೆ ಹಾಕುತ್ತಿದ್ದ ಕ್ಯಾಸ್ಟ್ರಾಲ್ ಆರ್ ಹರಳೆಣ್ಣೆಯಿಂದ ಮಾಡಿದ್ದು. ರೇಸಿನ ಹಳಬರು ಆ ವಾಸನೆಗೆ ಸಾಯುತ್ತಾರೆ. ಇದು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೆಥಿಲೇಟೆಡ್ ಸ್ಪಿರಿಟ್ ಬಳಸಿ. ಗಟ್ಟಿಯಾಗಿ ವಾರ್ನಿಷ್ ಆಗಿದ್ದರೆ ತಾಳ್ಮೆಯಿಂದ ಮರದ ಚೂಪಿನಲ್ಲಿ ಕೆರೆಯಬೇಕು. ಎಣ್ಣೆ ಹರಿಯುವ ಪ್ರತಿ ರಂಧ್ರಕ್ಕೂ ತಂತಿ ಹಾಕಿ, ಗಾಳಿ ಊದಿ, ಇನ್ನೊಂದು ಬದಿಯಲ್ಲಿ ಗಾಳಿ ಬಂತಾ ಅಂತ ಅಂಗೈ ಇಟ್ಟು ನೋಡಿ. ಮುಂದೆ ಸಾಮಾನ್ಯ ರೇಸಿಂಗ್ ಎಣ್ಣೆ ಹಾಕುವಿರಾದರೆ ಹರಳೆಣ್ಣೆಯ ಕುರುಹೂ ಉಳಿಯಬಾರದು. ಎರಡೂ ಬೆರೆತರೆ ಮೊಸರು ಒಡೆದ ಹಾಗಾಗುತ್ತೆ.

ಕ್ರ್ಯಾಂಕಿನ ಕೆಲಸ ಅನುಭವ ಇರುವವರಿಗೇ ಕೊಡಿ. ಎರಡು ಫ್ಲೈವೀಲುಗಳ ನಡುವೆ ರೋಲರ್ ಬಿಗ್ ಎಂಡ್ ಕೂರಿಸಿ, ಆಮೇಲೆ ಎರಡೂ ಒಂದೇ ನೇರದಲ್ಲಿ ತಿರುಗುವಂತೆ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸರಿ ಮಾಡುತ್ತಾರೆ. ಡಯಲ್ ಗೇಜಿನಲ್ಲಿ 0.05 ಮಿ.ಮೀ. ಮೀರಿ ಓಲಾಡಿದರೆ ವಾಪಸ್ ಕಳಿಸಿ. ಕೇಸಿಗೆ ಹೊಸ ಬೇರಿಂಗ್ ಹಾಕುವಾಗ ಸುತ್ತಿಗೆ ಬೇಡ. ಕೇಸನ್ನು ಓವನ್ನಿನಲ್ಲಿ, ನೀರು ಚಿಮುಕಿಸಿದರೆ ದೋಸೆ ಕಾವಲಿಯಂತೆ ಚುಂಯ್ ಅನ್ನುವಷ್ಟು ಕಾಯಿಸಿ. ಬೇರಿಂಗನ್ನು ಮೊದಲೇ ಫ್ರೀಜರಿನಲ್ಲಿಟ್ಟಿರಿ. ತಾನಾಗೇ ಜಾರಿ ಟಕ್ ಅಂತ ಕೂರುತ್ತೆ. ಕೇಸು ಕಾಯಿಸದೆಯೇ ಸಡಿಲವಾಗಿ ಕೂತುಬಿಟ್ಟರೆ ಮಾತ್ರ ಚಿಂತೆ. ಕೇಸಿನ ತೂತು ಸವೆದಿದೆ, ಬುಶ್ ಹಾಕಿಸಬೇಕು.

ಮೇಲಿನ ಅರ್ಧ ಮ್ಯಾಂಕ್ಸಿನ ಸೊಬಗು. ಕೆಳಗಿನಿಂದ ಒಂದು ನೆಟ್ಟನೆಯ ಶಾಫ್ಟ್, ಎರಡು ತುದಿಗೂ ಬೆವೆಲ್ ಗೇರು (ಓರೆ ಹಲ್ಲಿನ ಗೇರು), ತಲೆಯ ಮೇಲೆ ಎರಡು ಕ್ಯಾಮು. ಬೆವೆಲ್ ಹಲ್ಲುಗಳು ಎಷ್ಟು ಒಳಗೆ ಕಚ್ಚಬೇಕು ಅನ್ನುವುದನ್ನು ತೆಳು ಶಿಮ್ಮುಗಳು, ಅಂದರೆ ಲೋಹದ ಬಿಲ್ಲೆಗಳು, ನಿರ್ಧರಿಸುತ್ತವೆ. ಹಲ್ಲಿಗೆ ಗುರುತಿನ ನೀಲಿ ಬಣ್ಣ ಹಚ್ಚಿ ಒಂದು ಸುತ್ತು ತಿರುಗಿಸಿ. ನೀಲಿ ಹಲ್ಲಿನ ನಡುವೆ ಅಳಿಸಿದ್ದರೆ ಸರಿ. ತುದಿಯಲ್ಲೋ ಬುಡದಲ್ಲೋ ಅಳಿಸಿದ್ದರೆ ಶಿಮ್ ಬದಲಿಸಿ, ಮತ್ತೆ ಹಚ್ಚಿ. ನಮಗೆ ಇದಕ್ಕೆ ಎರಡು ಶನಿವಾರ ಹಿಡಿಯಿತು. ತಿರುಗಿಸಿದಾಗ ಎಲ್ಲಿಯೂ ಬಿಗಿಯಾಗದೆ, ಲೊಟಲೊಟ ಅನ್ನದೆ, ಕೈಗೆ ರೇಷ್ಮೆಯಂತೆ ಸಿಗಬೇಕು.

ಟೈಮಿಂಗಿಗೆ (ವಾಲ್ವ್ ತೆರೆಯುವ, ಕಿಡಿ ಹಾರುವ ಹೊತ್ತು ಹೊಂದಿಸಲು) ಮೊದಲು ಪಿಸ್ಟನ್ನಿನ ನಿಜವಾದ ತುತ್ತತುದಿ ಬೇಕು. ಕಣ್ಣಂದಾಜು ಬೇಡ, ಅಲ್ಲಿ ಪಿಸ್ಟನ್ ಕೆಲವು ಡಿಗ್ರಿ ನಿಂತಂತೆಯೇ ಇರುತ್ತೆ. ಕ್ರ್ಯಾಂಕಿಗೆ ಡಿಗ್ರಿ ತಟ್ಟೆ ಹಾಕಿ. ಪ್ಲಗ್ ತೂತಿನಲ್ಲಿ ಪಿಸ್ಟನ್ನನ್ನು ತುದಿಗಿಂತ ಮೊದಲೇ ತಡೆಯುವ ಒಂದು ಸ್ಟಾಪ್ ಕೂರಿಸಿ. ಮುಂದಕ್ಕೆ ಮೆಲ್ಲಗೆ ತಿರುಗಿಸಿ, ತಡೆದಲ್ಲಿ ಓದಿ: 20 ಅನ್ನಿ. ಹಿಂದಕ್ಕೆ ತಿರುಗಿಸಿ, ತಡೆದಲ್ಲಿ ಓದಿ: 26 ಅನ್ನಿ. ಎರಡರ ನಡು 23. ಅಂದರೆ ತಟ್ಟೆ 3 ಡಿಗ್ರಿ ತಪ್ಪಿದೆ. ಸೂಜಿ ಸರಿಸಿ ಎರಡೂ ಕಡೆ 23 ಬರುವಂತೆ ಮಾಡಿದರೆ ಸೊನ್ನೆಯೇ ನಿಜವಾದ ತುದಿ.

ಕ್ಯಾಮ್ ಕೂರಿಸಿದ ಮೇಲೆ ಎಂಜಿನ್ನನ್ನು ಕೈಯಲ್ಲೇ, ಎರಡು ಬೆರಳ ಬಲದಲ್ಲಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ವಾಲ್ವ್ ವಾಲ್ವಿಗೋ ಪಿಸ್ಟನ್ನಿಗೋ ತಾಗುತ್ತಿದೆ. ಅಂತರ ಅಳೆಯಲು ಮಕ್ಕಳ ಆಟದ ಜೇಡಿಯನ್ನು ಪಿಸ್ಟನ್ ತಲೆಗೆ ಮೆತ್ತಿ, ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಬಿಚ್ಚಿ, ಜೇಡಿಯನ್ನು ಕತ್ತರಿಸಿ ದಪ್ಪ ನೋಡಿ. ನಾವು 2 ಮಿ.ಮೀ.ಗಿಂತ ಕಡಿಮೆ ಬಿಡಲಿಲ್ಲ. ಇನ್ನೊಂದು ಎಚ್ಚರಿಕೆ: ಹಳೆ ಎಕ್ಸಾಸ್ಟ್ ವಾಲ್ವುಗಳಲ್ಲಿ ಕೆಲವಕ್ಕೆ ಒಳಗೆ ಸೋಡಿಯಂ ತುಂಬಿರುತ್ತೆ. ಅದನ್ನು ಕತ್ತರಿಸಿ ಪಂಚ್ ಉಪಕರಣ ಮಾಡಿಕೊಳ್ಳೋಣ ಅಂತ ಹೋಗಬೇಡಿ. ಸೋಡಿಯಮ್ಮಿಗೆ ನೀರು ತಾಗಿದರೆ ಸಿಡಿಯುತ್ತೆ.

ಮ್ಯಾಗ್ನೆಟೊ, ಕಾರ್ಬುರೇಟರ್, ಗೇರ್‌ಬಾಕ್ಸ್

ಮ್ಯಾಗ್ನೆಟೊವನ್ನು ಬೆಂಚಿನ ಮೇಲೆ ತಿರುಗಿಸಿ ಕಿಡಿ ಬಂತು ಅಂತ ಕುಣಿಯಬೇಡಿ. ಹಳೆ ಕಾಯಿಲ್, ಕಂಡೆನ್ಸರ್ ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೈ ಕೊಡುತ್ತವೆ. ಹೊಸದಾಗಿ ಸುತ್ತಿಸಿ, ಬಿಸಿ ಮಾಡಿ ಪರೀಕ್ಷಿಸಿಕೊಡುವವರಿಗೆ ಕೊಡಿ. ಎಂಜಿನ್ನಿಗೆ ಕೂರಿಸುವಾಗ ಪಾಯಿಂಟುಗಳ ನಡುವೆ ತೆಳು ಕಾಗದ ಇಟ್ಟು ಮೆಲ್ಲಗೆ ಎಳೆಯುತ್ತಿರಿ. ಅದು ಸಡಿಲವಾಗಿ ಜಾರುವ ಕ್ಷಣವೇ ಕಿಡಿ ಹಾರುವ ಕ್ಷಣ. ಆಗ ಡಿಗ್ರಿ ತಟ್ಟೆ ನೋಡಿ.

ಅಮಾಲ್ ಜಿಪಿ ಕಾರ್ಬುರೇಟರಿಗೆ ಐಡ್ಲಿಂಗ್ ಅನ್ನುವುದೇ ಇಲ್ಲ. ಥ್ರಾಟಲ್ ಬಿಟ್ಟರೆ ಎಂಜಿನ್ ನಿಲ್ಲುತ್ತೆ. ಹಾಳಾಗಿದೆ ಅಂತ ಬಿಚ್ಚಬೇಡಿ, ಅದರ ಜಾಯಮಾನವೇ ಹಾಗೆ. ಸವೆದ ಸ್ಲೈಡ್ ಬದಲಿಸಿ, ಫ್ಲೋಟ್ ಚೇಂಬರನ್ನು ರಬ್ಬರಿನ ಮೇಲೆ ತೂಗುಹಾಕಿ. ನಡುಕಕ್ಕೆ ಪೆಟ್ರೋಲ್ ನೊರೆಯಾಗಬಾರದು.

ಗೇರ್‌ಬಾಕ್ಸಿನಲ್ಲಿ ಹಲ್ಲುಗಳ ಮೂಲೆ ಉರುಟಾಗಿದ್ದರೆ ಬದಲಿಸಿ, ಅಷ್ಟೇ. ಪ್ರೈಮರಿ ಚೈನ್ ಬಯಲಲ್ಲೇ ಓಡುತ್ತೆ, ಶೂ ಲೇಸು ಒಳಗೆ ಸಿಕ್ಕಿಸಿಕೊಳ್ಳಿ.

ಟ್ಯಾಂಕ್, ಚಕ್ರ

ಯಾರೋ ಎಪ್ಪತ್ತರ ದಶಕದಲ್ಲಿ ಹಾಕಿದ ಫೈಬರ್‌ಗ್ಲಾಸ್ ಟ್ಯಾಂಕ್ ನಿಮ್ಮ ಬೈಕಿಗಿದ್ದರೆ ಅದನ್ನು ಗೋಡೆಗೆ ನೇತುಹಾಕಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಬ್ರಿಟನ್ನಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೆ. ಅದು ಹಳೆ ರಾಳವನ್ನು ಮೆತ್ತಗೆ ಮಾಡಿ ಜೆಟ್ಟುಗಳಿಗೆ ಅಂಟಿಸುತ್ತೆ. ಅಲ್ಯೂಮಿನಿಯಂ ಟ್ಯಾಂಕೇ ಸರಿ. ಬಣ್ಣ ಬೆಳ್ಳಿ, ಅಂಚಿಗೆ ಕಪ್ಪು ಮತ್ತು ಕೆಂಪು ಗೆರೆ. ಗೆರೆಯನ್ನು ಸ್ಟಿಕ್ಕರಿನಲ್ಲಿ ಮಾಡಬೇಡಿ, ಕುಂಚ ಹಿಡಿಯುವವರಿಂದ ಎಳೆಸಿ. ಕೈ ಸ್ವಲ್ಪ ನಡುಗಿದ್ದರೂ ಪರವಾಗಿಲ್ಲ.

ಚಕ್ರಗಳು 19 ಇಂಚಿನವು. ರಿಮ್ಮು, ಕಡ್ಡಿ ಹೊಸದು ಹಾಕಿ. ಇಲ್ಲಿ ಭಾವುಕರಾಗಬೇಡಿ. ಟೈರು ನೋಡಲು ಎಷ್ಟೇ ಚೆನ್ನಾಗಿರಲಿ, ಹಳೆಯದಾದರೆ ಕಸದ ಬುಟ್ಟಿಗೆ.

ಮೊದಲ ಸದ್ದು

ಪ್ಲಗ್ ಬಿಚ್ಚಿ, ಹಿಂದಿನ ಚಕ್ರ ಎತ್ತಿ, ಗೇರಿನಲ್ಲಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುತ್ತಿರಿ. ರಿಟರ್ನ್ ಪೈಪಿನಿಂದ ಎಣ್ಣೆ ಪುಳಕ್ ಪುಳಕ್ ಅಂತ ಬೀಳುವವರೆಗೂ ಪ್ಲಗ್ ಹಾಕಬೇಡಿ. ಬೈಕು ವಾರಗಟ್ಟಲೆ ನಿಂತಿದ್ದರೆ ಎಣ್ಣೆ ಮೆಲ್ಲಗೆ ಪಂಪಿನ ಮೂಲಕ ಜಾರಿ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿರುತ್ತೆ. ಕೆಳಗಿನ ಡ್ರೈನ್ ಬಿಚ್ಚಿ ಖಾಲಿ ಮಾಡಿ, ಮತ್ತೆ ಹಾಕಿ ಲಾಕ್ ವೈರ್ ಕಟ್ಟಿ.

ಕಿಕ್ ಇಲ್ಲ, ತಳ್ಳಬೇಕು. ಮೊದಲು ಬಿಸಿ ಮಾಡಲು ಮೃದು ಪ್ಲಗ್, ಆಮೇಲೆ ಓಡಿಸಲು ರೇಸಿಂಗ್ ಪ್ಲಗ್. ಗೇರ್ ಹಾಕಿ, ಪಿಸ್ಟನ್ ಒತ್ತಡಕ್ಕೆ ತಡೆಯುವವರೆಗೆ ಬೈಕನ್ನು ಹಿಂದಕ್ಕೆ ಎಳೆಯಿರಿ. ಹಾಗೆ ಮಾಡಿದರೆ ಮುಂದಕ್ಕೆ ಓಡುವಾಗ, ಒತ್ತಡ ಮತ್ತೆ ಎದುರಾಗುವ ಮೊದಲು, ಫ್ಲೈವೀಲಿಗೆ ವೇಗ ಹಿಡಿಯಲು ಒಂದೂವರೆ ಸುತ್ತಿಗೂ ಜಾಸ್ತಿ ಸಿಗುತ್ತೆ. ಕ್ಲಚ್ ಹಿಡಿದು, ಐದಾರು ಹೆಜ್ಜೆ ಓಡಿ, ಸೀಟಿನ ಮೇಲೆ ಪಕ್ಕಕ್ಕೆ ದಬ್ ಅಂತ ಕೂತು ಕ್ಲಚ್ ಬಿಡಿ.

ನಮ್ಮದು ಒಂಬತ್ತನೇ ಸಲಕ್ಕೆ ಹತ್ತಿತು. ಹಳೆ ವಿಮಾನ ನಿಲ್ದಾಣದ ರನ್‌ವೇ, ಬೆಳಗಿನ ಮಂಜು. ಗೆಳೆಯ ನೂರು ಗಜ ಹೋಗಿ ತಿರುಗಿ ಬಂದ. ಥ್ರಾಟಲ್ ಬಿಟ್ಟರೆ ನಿಲ್ಲುತ್ತೆ ಅಂತ ಒಂದೇ ಸಮ ರೊಂಯ್ ರೊಂಯ್ ಅನ್ನಿಸುತ್ತಾ ನನ್ನ ಮುಂದೆ ನಿಂತು ಏನೋ ಕೂಗಿದ. ಕೇಳಿಸಲಿಲ್ಲ. ಬೂಟಿನ ಕಡೆ ಕೈ ತೋರಿಸಿದ. ಕ್ಯಾಂಬಾಕ್ಸಿನಿಂದ ಎಣ್ಣೆ ಸೋರಿ ಅವನ ಬಲ ಮೊಣಕಾಲಿಂದ ಪಾದದವರೆಗೆ ಇಳಿದಿತ್ತು, ಹರಳೆಣ್ಣೆ ಘಮ್ ಅಂತಿತ್ತು. ಮಾರನೇ ದಿನ ಮತ್ತೆ ಕ್ಯಾಂಬಾಕ್ಸ್ ಬಿಚ್ಚಿದೆವು.